ಅಕ್ಕನ ಹೆಸರು

ಮಗು ನೋಡುತ್ತಿರುವುದು ತನ್ನನ್ನಲ್ಲ, ತನ್ನ ಎಡಕ್ಕೆ ಖಾಲಿ ಬಿದ್ದಿರುವ ಸೀಟನ್ನು, ಕಾರಿನ ಮುಂದಿನ ಸೀಟಿನಲ್ಲಿ ಕೂತ ತಾಯಿ ಅನಸೂಯಳ ಹೆಗಲ ಮೇಲೆ ಗಲ್ಲವೂರಿ, ಜೊಲ್ಲು ಸುರಿಸುತ್ತ, ಅಲ್ಲಿ ಯಾರೋ ಮುಖ ಮುಚ್ಚಿ ತೆಗೆದು ಆಡಿಸುತ್ತಿರುವ ಹಾಗೆ ಕಿಲಕಿಲ ನಗುತ್ತದೆ, ಸುಮ್ಮನಾಗುತ್ತದೆ, ಕಾಯುತ್ತದೆ, ಮತ್ತೆ ನಗುತ್ತದೆ — ಅಲ್ಲಿರುವುದು ತನ್ನ ಕೈಚೀಲ, ಅನಸೂಯ ಮಾಡಿದ ಕೊಬ್ಬರಿ ಮಿಠಾಯಿಯ ಡಬ್ಬಿ, ಇನ್ನೇನಿಲ್ಲ, ಡಬ್ಬಿ ನೋಡಿ ಯಾವ ಮಗು ಹೀಗೆ ನಗುತ್ತದೆ, ಇರಲಿ, ಆ ಕಡೆ ತಿರುಗಬಾರದು, ನಿನ್ನೆ ಮಧ್ಯಾಹ್ನ ಫೋನು ಬಂದಾಗಿನಿಂದ ಅವಳು ಯಾವ ಖಾಲಿ ಕುರ್ಚಿಯ ಕಡೆಗೂ ತಿರುಗಿಲ್ಲ. ಆಂಟಿ, ಚಳಿ ಆಗ್ತಿದ್ಯಾ, ಹೀಟರ್ ಜಾಸ್ತಿ ಮಾಡಿಸ್ಲಾ, ಎನ್ನುತ್ತಾಳೆ ಅನಸೂಯ, ಬೇಡ ಎನ್ನುವುದರೊಳಗೆ ಮಾಡಿಸಿಯೂ ಬಿಡುತ್ತಾಳೆ, ಹ್ಯಾರಿಸನ್ ಊರಿನ ಮನೆಯಲ್ಲಿ ತನ್ನ ತಲೆಯ ಮೇಲಿನ ಮಹಡಿಯಲ್ಲಿ ಎರಡು ವರ್ಷದಿಂದ ಇರುವ ಹುಡುಗಿ, ಮೈಸೂರಿನವಳು, ಬಾಯಿಗೆ ಬಿಡುವೇ ಇಲ್ಲ, ಗಂಡ ಪ್ರಭಾಕರ ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯಲ್ಲಿ ಕೆಮಿಸ್ಟು, ದಿನಾ ಇದೇ ರೂಟ್ ಟ್ವೆಂಟಿಟೂ ಹೆದ್ದಾರಿ ಹಿಡಿದು ಕೆಲಸಕ್ಕೆ ಹೋಗಿಬರುವವನು, ಇವತ್ತು ಒಂದೂವರೆ ಗಂಟೆ ಮುಂಚೆಯೇ ಹೊರಟಿದ್ದಾನೆ, ಅವಳಿಗಾಗಿ, ಪಾಪ. ನಿಮ್ಮ ಮೊಮ್ಮಗಳ ನಾಮಕರಣ ಅಂದ್ಮೇಲೆ ನಾನು ಬರದೆ ಇರ್ತೀನಾ ಆಂಟಿ, ಎಂದು ಅನಸೂಯ ಕತ್ತಲಲ್ಲೇ ಎದ್ದು ಸೀರೆ ಉಟ್ಟು, ಅದರ ಮೇಲೆ ಗಂಡನ ದಪ್ಪ ಜಾಕೆಟ್ ಹಾಕಿ ಸಿದ್ಧವಾಗಿದ್ದಳು. ಗಂಟೆ ಆರೂ ಇಪ್ಪತ್ತು. ಇವತ್ತು ಗುರುವಾರ, ಯೆಹೂದಿಗಳ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಧರ್ಮಗ್ರಂಥ ಟೋರಾದ ಸುರುಳಿ ಬಿಚ್ಚಿ ಓದುವ ದಿನ, ಏಳೂ ಕಾಲಕ್ಕೆ ಅಳಿಯ ನೇಥನ್‌ನನ್ನು ಮುಂದೆ ಕರೆಯುತ್ತಾರೆ, ಹೆಣ್ಣುಮಗುವಿಗೆ ಹೆಸರಿಡುವುದು ಹಾಗೆಯೇ, ಎಲ್ಲರೆದುರು ಗಟ್ಟಿಯಾಗಿ ಒಂದು ಸಲ, ಒಂದು ಸಲ ಕೂಗಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅಷ್ಟರೊಳಗೆ ಹೋಗಿ ಮಗಳ ಕಿವಿಯಲ್ಲಿ ಒಂದು ಮಾತು ಹೇಳಬೇಕು, ಮೂವತ್ತು ವರ್ಷ ಯಾರಿಗೂ, ಕಟ್ಟಿಕೊಂಡ ಗಂಡನಿಗೂ ಹೇಳದ ಮಾತು. ಹೇಳದಿದ್ದರೆ ಮಗು ಉಳಿಯುವುದಿಲ್ಲ.

ಮಾಮಾ, ಹೇಳಬಾರದು ಅಂತ ಗೊತ್ತು, ಎಂದಿದ್ದಳು ಮಗಳು ರೋಶೆಲ್ ನಿನ್ನೆ ಫೋನಿನಲ್ಲಿ, ಅಮ್ಮನನ್ನು ಅವಳು ಕರೆಯುವುದೇ ಮಾಮಾ ಎಂದು, ಹೆಸರಿಡೋ ತನಕ ಹೆಸರು ಬಾಯಿ ಬಿಡಬಾರದು ಅಂತ ಕಲಿಸಿದವಳೇ ನೀನು, ಆದ್ರೆ ತಡ್ಕೊಳ್ಳೋಕೇ ಆಗ್ತಿಲ್ಲ, ನಾವು ಗಿಟೆಲ್ ಅಂತ ಇಡ್ತಿದ್ದೀವಿ, ಬರ್ತ್ ಸರ್ಟಿಫಿಕೇಟಲ್ಲಿ ಗೇಲ್, ಸಿನಗಾಗ್‌ನಲ್ಲಿ ಗಿಟೆಲ್, ನಿನ್ನ ತಂಗಿ ಹೆಸರು, ಅವಳ ತಿಥಿ ದಿನಾನೇ ಹುಟ್ಟಿದಾಳಲ್ಲ ಮಾಮಾ, ನೀನು ದೀಪ ಹಚ್ಚಿ ಕೂತಿರೋವಾಗ್ಲೇ ಅಲ್ವಾ ನನಗೆ ನೋವು ಶುರುವಾಗಿದ್ದು, ಹಲೋ, ಅಳ್ತಿದ್ದೀಯಾ, ಖುಷೀಗೆ ತಾನೆ — ಖುಷಿಗೆ, ಎಂದಳು ಅವಳು, ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ನೀಲಿಯಾಗಿತ್ತು, ಅಡುಗೆಮನೆಯ ಮೇಜಿನಾಚೆಯ ಕುರ್ಚಿ ತಾನೇ ಸ್ವಲ್ಪ ಸರಿದ ಸದ್ದು. ತಪ್ಪು ರೋಶೆಲ್‌ದಲ್ಲ, ಅವಳು ಶಾಸ್ತ್ರವನ್ನು ಚಾಚೂ ತಪ್ಪದೆ ಮಾಡುತ್ತಿದ್ದಾಳೆ, ಸತ್ತವರ ಹೆಸರನ್ನೇ ಇಡಬೇಕು, ಬದುಕಿರುವವರದ್ದನ್ನು ಜಪ್ಪಯ್ಯ ಎಂದರೂ ಇಡಬಾರದು, ಇಟ್ಟರೆ ಮೃತ್ಯುದೂತ ಹೆಸರು ಹಿಡಿದು ಹುಡುಕಿಕೊಂಡು ಬಂದಾಗ ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಅವನಿಗೆ ಗೊಂದಲವಾಗುತ್ತದೆ, ಕೈಗೆ ಸಿಕ್ಕವರನ್ನು ಎತ್ತಿಕೊಂಡು ಹೋಗುತ್ತಾನೆ, ಅಜ್ಜಿ ಹೇಳುತ್ತಿದ್ದಳು, ಅಮ್ಮ ಹೇಳುತ್ತಿದ್ದಳು, ರೋಶೆಲ್‌ಗೆ ತಾನೇ ಹೇಳಿದ್ದಳು, ಸತ್ತ ಅಮ್ಮ ರೋಖಲಳ ಹೆಸರನ್ನೇ ಅಮೆರಿಕದ ನಾಲಗೆಗೆ ಒಗ್ಗಿಸಿ ರೋಶೆಲ್ ಎಂದು ಇಟ್ಟಿದ್ದಳು. ಈಗ ಸತ್ತ ಚಿಕ್ಕಮ್ಮ ಗಿಟೆಲಳ ಹೆಸರು ಮೊಮ್ಮಗಳಿಗೆ, ಎಷ್ಟು ಸರಿ, ಎಷ್ಟು ಚೆಂದ. ಆದರೆ ಗಿಟೆಲ್ ಸತ್ತಿಲ್ಲ. ಗಿಟೆಲ್ ಈ ಕಾರಿನ ಹಿಂದಿನ ಸೀಟಿನಲ್ಲಿ ಕೈಗವಸು ಹಾಕಿಕೊಂಡು ಕೂತಿದ್ದಾಳೆ. ಊರಿಗೆಲ್ಲ ಪೆರ್ಲಾ ವೈಸ್‌ಮನ್ ಆಗಿರುವವಳು, ಹೊಲಿಗೆ ಕಾರ್ಖಾನೆಯ ಹಾಜರಿಯಲ್ಲಿ ಪೆರ್ಲಾ, ಗಂಡ ಯೋಸೆಲ್ ಸಾಯುವಾಗ ಪೆರ್ಲಾ ಪೆರ್ಲಾ ಎಂದು ಕೈ ಹಿಡಿದಿದ್ದನಲ್ಲ, ಅವಳೇ ಗಿಟೆಲ್, ಸತ್ತವಳು ಪೆರ್ಲಾ, ಅಕ್ಕ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಚಳಿಗಾಲದಲ್ಲೂ ಗಾಜಿನ ಲೋಟದ ಮೇಣದ ದೀಪ ಹಚ್ಚಿ ಗಿಟೆಲ್ ಎಂದು ತಿಥಿ ಮಾಡುತ್ತ ಬಂದದ್ದು ತನ್ನದೇ ತಿಥಿ, ಇನ್ನೇನು ಮಾಡಬೇಕಿತ್ತು, ಪೆರ್ಲಾ ಆಗಿ ಕೂತು ಪೆರ್ಲಾಳಿಗೆ ದೀಪ ಹಚ್ಚಲು ಹೇಗೆ ಬರುತ್ತದೆ, ಮಗಳು ಪಕ್ಕದಲ್ಲಿ ಕೂತು ಆ ಜ್ವಾಲೆ ನೋಡುತ್ತ, ನಿನ್ನ ತಂಗಿ ನನ್ನಷ್ಟೇ ಇದ್ಲಾ ಮಾಮಾ, ಜಡೆ ಹಾಕ್ತಿದ್ಲಾ, ಎಂದು ಕೇಳುತ್ತಿದ್ದಳು. ಹಾಕ್ತಿದ್ಲು, ಎನ್ನುತ್ತಿದ್ದಳು ಅವಳು, ಕಂದು ಬಣ್ಣದ ಜಡೆ.

ಅಕ್ಕ ನಿದ್ದೆ ಮಾಡುತ್ತಿದ್ದಳು. ಅದಂತೂ ಖಂಡಿತ, ಗೋಡೆಯ ಕಡೆ ಮುಖ ಮಾಡಿ, ರಜಾಯಿಯನ್ನು ಕಿವಿಯ ತನಕ ಎಳೆದುಕೊಂಡು, ಮೂರು ದಿನದ ಜ್ವರ — ಪೋಲೆಂಡಿನ ಆ ಊರು, ಯೆಹೂದಿಗಳನ್ನೆಲ್ಲ ಬೇಲಿಯೊಳಗೆ ಕೂಡಿಹಾಕಿದ್ದ ಆ ನಾಲ್ಕು ಬೀದಿಗಳು, ಒಂದು ಕೋಣೆಗೆ ಮೂರು ಸಂಸಾರ, ಸಾವಿರದ ಒಂಬೈನೂರ ನಲವತ್ಮೂರು, ಫೆಬ್ರವರಿ. ಹದಿನೇಳು ವರ್ಷದ ಪೆರ್ಲಾ ಜರ್ಮನ್ ಸೈನ್ಯಕ್ಕೆ ಕೋಟು ಹೊಲಿಯುವ ಶೆಡ್ಡಿನಲ್ಲಿ ಕೆಲಸದವಳು, ಅವಳ ಹತ್ತಿರ ಕೆಲಸದ ಚೀಟಿ ಇತ್ತು, ಹಳದಿ ಚೀಟಿ, ಫೋಟೊ ಇಲ್ಲ, ಬರೀ ಹೆಸರು ಮತ್ತು ಒಂದು ಮುದ್ರೆ, ಚೀಟಿ ಇದ್ದವರು ಇರುತ್ತಾರೆ, ಇಲ್ಲದವರನ್ನು ರೈಲಿಗೆ ತುಂಬುತ್ತಾರೆ, ರೈಲು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗಿಟೆಲ್‌ಗೆ ಹದಿಮೂರು, ಚೀಟಿ ಇಲ್ಲ. ಹಿಂದಿನ ಸಂಜೆಯೇ ಬೀದಿಯಲ್ಲಿ ಸುದ್ದಿ, ನಾಳೆ ಮನೆ ಮನೆ ನೋಡ್ತಾರಂತೆ, ಪಟ್ಟಿ ಹಿಡ್ಕೊಂಡು ಬರ್ತಾರಂತೆ, ಮತ್ತು ಅಕ್ಕನಿಗೆ ನಿಲ್ಲಲೂ ತ್ರಾಣವಿಲ್ಲ, ಬೆಳಕು ಹರಿಯುವ ಮುಂಚೆ ಅಮ್ಮ ಗಿಟೆಲಳನ್ನು ಎಬ್ಬಿಸಿದಳು, ಏಳು, ಸದ್ದು ಮಾಡ್ಬೇಡ, ಇವತ್ತು ನೀನೇ ಪೆರ್ಲಾ, ಎಂದಳು, ಅಕ್ಕನ ಬೂಟಿಗೆ ಚಿಂದಿ ತುರುಕಿ ಅವಳ ಕಾಲಿಗೆ ಹಾಕಿದಳು, ಅಕ್ಕನ ಕೋಟು ತೊಡಿಸಿದಳು, ಚೀಟಿಯನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿ ಮುಚ್ಚಿದಳು, ಹೋಗು. ಅಮ್ಮ ಹೇಳಿದಳು, ಅವಳು ಹೋದಳು, ಹದಿಮೂರು ವರ್ಷದ ಹುಡುಗಿ ಅಮ್ಮ ಹೇಳಿದ ಹಾಗೆ ಕೇಳುತ್ತಾಳೆ, ಅದರಲ್ಲಿ ತಪ್ಪೇನು, ಅಕ್ಕ ನಿದ್ದೆ ಮಾಡುತ್ತಿದ್ದಳಲ್ಲ. ದಿನವಿಡೀ ತೋಳು ಹೊಲಿದಳು, ನೂರಾರು ತೋಳು, ಸಂಜೆ ಬಂದರೆ ಬಾಗಿಲು ಹಾರುಹೊಡೆದಿತ್ತು, ರಜಾಯಿ ನೆಲದ ಮೇಲೆ, ಅಮ್ಮನೂ ಇಲ್ಲ, ಅಕ್ಕನೂ ಇಲ್ಲ. ಒಲೆಯ ಹಿಂದಿನ ಸಂದಿಯಲ್ಲಿ ಅಡಗಿ ಉಳಿದಿದ್ದ ಮುದುಕಿಯೊಬ್ಬಳು ಹೇಳಿದಳು, ಪಟ್ಟಿ ನೋಡಿ ಪೆರ್ಲಾ ಅಂದ್ರು, ಕೆಲಸಕ್ಕೆ ಹೋಗಿದಾಳೆ ಅಂದ್ಲು ನಿಮ್ಮಮ್ಮ, ಗಿಟೆಲ್ ಅಂದ್ರು, ನಿಮ್ಮಕ್ಕ ಹಾಸಿಗೆಯಿಂದ ಇಳಿದು, ನಾನೇ, ಅಂದ್ಲು. ನಾನೇ. ಬೇರೆ ಏನೆಂದರೂ ಶೆಡ್ಡಿನಲ್ಲಿ ಕೂತವಳ ಕತೆ ಮುಗಿಯುತ್ತಿತ್ತು. ಬರಿಗಾಲಲ್ಲಿ ಹೋದ್ಲು, ಎಂದಳು ಮುದುಕಿ, ಬೂಟು ಇರ್ಲಿಲ್ಲ.

ಕಾರು ನಿಂತಿದೆ. ಯಾವಾಗ ನಿಂತಿತು, ಮುಂದೆ ಕೆಂಪು ದೀಪಗಳ ಸಾಲು, ಕೊನೆಯೇ ಕಾಣದು, ಪ್ರಭಾಕರ ಬಾಗಿಲು ತೆರೆದು ಇಳಿದು ನೋಡಿ ಬರುತ್ತಾನೆ, ಕೈ ಉಜ್ಜುತ್ತ ಹೇಳುತ್ತಾನೆ, ಹಾಲಿನ ಟ್ರಕ್ ಐಸ್ ಮೇಲೆ ಜಾರಿ ಅಡ್ಡಬಿದ್ದಿದೆ, ಹತ್ತು ನಿಮಿಷ ಮಿಸೆಸ್ ವೈಸ್‌ಮನ್, ಡೋಂಟ್ ವರಿ. ಅನಸೂಯ ತಮ್ಮ ಭಾಷೆಯಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ, ನಾನು ಬಡ್ಕೊಂಡೆ ಐದೂವರೆಗೇ ಹೊರಡೋಣ ಅಂತ, ನಿಮಗೆ ಎರಡನೇ ಕಾಫಿ ಆಗ್ಲೇಬೇಕಿತ್ತು ಅಲ್ವಾ, ಎರಡು ವರ್ಷ ಮಹಡಿಯ ಹಲಗೆಗಳ ಮೂಲಕ ಇಳಿದು ಬಂದ ಆ ಭಾಷೆಯಲ್ಲಿ ಹಿಂದೆ ಕೂತ ಅವಳಿಗೆ ಗೊತ್ತಿರುವುದು ಕಾಫಿ ಎಂಬುದೊಂದೇ, ಆದರೆ ಯಾರು ಸೋಲುತ್ತಿದ್ದಾರೆ ಎಂದು ತಿಳಿಯಲು ಅಷ್ಟು ಸಾಕು. ರಸ್ತೆಯ ಮೇಲೆ ಚೆಲ್ಲಿದ ಹಾಲು ಇಳಿಜಾರಿನಲ್ಲಿ ಹರಿದು ಬರುತ್ತ ಅಲ್ಲಲ್ಲೇ ಹೆಪ್ಪುಗಟ್ಟುತ್ತಿದೆ, ಅವರ ಚಕ್ರದ ತನಕ ಬಂದು ನಿಂತಿದೆ, ಬೆಳಗಿನ ಮಬ್ಬಿನಲ್ಲಿ ಅದು ಹಾಲಿನ ಹಾಗೆ ಕಾಣುವುದಿಲ್ಲ. ಮಗು ಮತ್ತೆ ಎಡಕ್ಕೆ ನೋಡಿ ಕೈ ಚಾಚಿತು. ಯಾರನ್ನೇ ಕರೀತಿದ್ದೀಯ ಪುಟ್ಟೀ, ಎಂದು ಅನಸೂಯ ನಕ್ಕಳು, ಯಾಕೋ ಇವಳಿಗೆ ಇವತ್ತು ನಿಮ್ಮ ಪಕ್ಕದ ಮೇಲೇ ಕಣ್ಣು ಆಂಟಿ. ಪುಟ್ಟಿ ಎನ್ನುವುದು ಹೆಸರಲ್ಲವಂತೆ, ನಿಜವಾದ ಹೆಸರು ಗಿರಿಜಾದೇವಿ, ಮೈಸೂರಿನಲ್ಲಿರುವ ಪ್ರಭಾಕರನ ತಾಯಿಯ ಹೆಸರು, ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಕೂಗಬಾರದು ನೋಡಿ, ಹೇ ಗಿರಿಜಾ, ಚಡ್ಡಿ ಒದ್ದೆ ಮಾಡ್ಕೊಂಡ್ಯಾ ಅಂತ ಬೈಯೋಕಾಗುತ್ತಾ, ಅದಕ್ಕೇ ಪುಟ್ಟಿ — ಇದನ್ನು ಮೊದಲ ಸಲ ಕೇಳಿದ ದಿನ ಅವಳು ಹೌಹಾರಿದ್ದಳು, ಬದುಕಿರೋ ಅಜ್ಜಿ ಹೆಸರು ಇಟ್ಟಿದ್ದೀಯಾ, ಹೇಗೆ ಧೈರ್ಯ ಬಂತು, ಅನಸೂಯ ಕಣ್ಣರಳಿಸಿ, ಅಯ್ಯೋ ಅವರಿಗೆ ಎಷ್ಟು ಖುಷಿ ಆಯ್ತು ಗೊತ್ತಾ, ಗುಂಡುಕಲ್ಲಿನ ಹಾಗಿದ್ದಾರೆ, ಇನ್ನೂ ಇಪ್ಪತ್ತು ವರ್ಷ ನನ್ನನ್ನ ಗೋಳು ಹುಯ್ಕೋತಾರೆ. ಮೃತ್ಯುದೂತನಿಗೆ ಮೈಸೂರಿನ ವಿಳಾಸ ಗೊತ್ತಿಲ್ಲವೇನೋ. ಇಲ್ಲ, ಗೊತ್ತು, ಅಲ್ಲಿಗೂ ಹೋಗುತ್ತಾನೆ, ಇದೇ ಪ್ರಭಾಕರನಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ತೊಟ್ಟಿಲಲ್ಲೇ ಹೋದವಂತೆ, ಮೂರನೆಯವನು ಹುಟ್ಟಿದಾಗ ಅವನನ್ನು ಕಸದ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಕರೆದರಂತೆ, ಸಾವಿಗೂ ಬೇಡವಾಗಲಿ ಎಂದು, ಈಗಲೂ ಊರಿಗೆ ಹೋದ್ರೆ ಇವರು ತಿಪ್ಪಣ್ಣನೇ ಆಂಟಿ, ಸುಮ್ನಿರೇ ಮಾರಾಯ್ತಿ, ಅದನ್ನ ಅಮೆರಿಕಕ್ಕೆಲ್ಲ ಸಾರ್ಬೇಕಾ, ಎಂದಿದ್ದ ಪ್ರಭಾಕರ. ಅಂದು ಅವಳು ನಕ್ಕಿರಲಿಲ್ಲ. ಅವಳ ಊರಿನಲ್ಲೂ ಹಾಗೆಯೇ, ಕಾಯಿಲೆ ಬಿದ್ದ ಕೂಸಿಗೆ ಮುದುಕಿ ಎಂದು ಹೆಸರು ಬದಲಿಸುತ್ತಿದ್ದರು, ಅವನು ಕೂಸನ್ನು ಹುಡುಕಿಕೊಂಡು ಬಂದು ಮುದುಕಿಯನ್ನು ಕಂಡು ವಾಪಸು ಹೋಗಲಿ ಎಂದು. ಹೆಸರು ಬದಲಿಸಿದರೆ ಅವನು ಮೋಸ ಹೋಗುತ್ತಾನೆ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವನ ಪಟ್ಟಿಯಲ್ಲಿ ಗಿಟೆಲ್ ಎಂಬ ಹೆಸರಿನ ಮೇಲೆ ಗೀಟು ಬಿದ್ದಿದೆ, ಮೂವತ್ತು ವರ್ಷದ ಹಿಂದೆಯೇ, ಕೆಲಸ ಮುಗಿಯಿತು ಎಂದು ಅವನು ಆ ಪುಟ ತಿರುವಿ ಮುಂದೆ ಹೋಗಿದ್ದಾನೆ, ಈಗ ಎಲ್ಲರೆದುರು ಗಿಟೆಲ್ ಎಂದು ಕೂಗಿದರೆ, ಅವನು ತಲೆಯೆತ್ತುತ್ತಾನೆ, ಗಿಟೆಲ್? ಅದನ್ನು ನಾನು ಒಯ್ದಿದ್ದೆನಲ್ಲ — ಹುಡುಕಿಕೊಂಡು ಬರುತ್ತಾನೆ, ತನ್ನನ್ನೇ ಒಯ್ದರೆ ಒಯ್ಯಲಿ, ಅವಳು ಬೇಡ ಎನ್ನುವುದಿಲ್ಲ, ಆದರೆ ಅವನು ಸರಿಯಾದವರನ್ನು ಒಯ್ದದ್ದು ಯಾವಾಗ, ಆವತ್ತೂ ಅವನು ತಪ್ಪಾದವಳನ್ನೇ ಒಯ್ದ. ಹನ್ನೊಂದು ದಿನದ ಕೂಸು, ಉಗುರು ಕೂಡ ಇನ್ನೂ ಕಾಗದದಷ್ಟು ಮೆತ್ತಗೆ. ಅವಳಿಗೆ ಹೆದರಿಕೆಯಾಗಿತ್ತು, ಮೂಢನಂಬಿಕೆ ಎಂದು ಯೋಸೆಲ್ ಇದ್ದಿದ್ದರೆ ನಗುತ್ತಿದ್ದ, ನಗಲಿ, ಅವನಿಗೇನು ಗೊತ್ತು, ನ್ಯೂಅರ್ಕಿನಾಚೆಯ ಸ್ಮಶಾನದಲ್ಲಿ ಅವನ ಕಲ್ಲಿನ ಪಕ್ಕದಲ್ಲೇ ಅವಳ ಹೆಸರನ್ನೂ ಕೆತ್ತಿಸಿಟ್ಟಿದ್ದಾರೆ, ಜೋಡಿ ಕಲ್ಲು, ಪೆರ್ಲಾ ವೈಸ್‌ಮನ್, ಹುಟ್ಟಿದ್ದು 1926, ಒಂದು ಅಡ್ಡಗೆರೆ, ಮುಂದೆ ಖಾಲಿ, ಪ್ರತಿ ಸಲ ಹೋದಾಗಲೂ ಅವಳು ಆ ಖಾಲಿ ಜಾಗವನ್ನು ಕೈಗವಸಿನಿಂದ ಒರೆಸಿ ಬರುತ್ತಾಳೆ, ಅಕ್ಕನಿಗೆ ಇರುವುದು ಅದೊಂದೇ ಕಲ್ಲು, ಅದರಡಿ ಮಲಗಬೇಕಾದವಳು ತಾನು. ಯುದ್ಧ ಮುಗಿದ ಮೇಲೆ ಮ್ಯೂನಿಕ್ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಹೆಸರು ಹೇಳಿ ಎಂದು ಕೇಳಿದಾಗ ಪೆರ್ಲಾ ಎಂದಿದ್ದಳು, ಎರಡು ವರ್ಷದಿಂದ ಕ್ಯಾಂಪಿನಿಂದ ಕ್ಯಾಂಪಿಗೆ ಆ ಹೆಸರಿಗೇ ಓಗೊಟ್ಟು ಓಗೊಟ್ಟು ನಾಲಗೆಗೆ ಬೇರೆ ಬರಲಿಲ್ಲ, ಆಮೇಲೆ ಗೋಡೆಯ ಮೇಲೆ ಅಂಟಿಸಿದ ಬದುಕುಳಿದವರ ಪಟ್ಟಿಗಳು, ದಿನಾ ಬೆಳಿಗ್ಗೆ ಬೆರಳಿಟ್ಟು ಹುಡುಕುತ್ತಿದ್ದಳು, ಗಿಟೆಲ್ ಗಿಟೆಲ್, ಅಕ್ಕ ಬದುಕಿದ್ದರೆ ಆ ಹೆಸರಿನಲ್ಲಿ ತಾನೆ ಬದುಕಿರಬೇಕು, ಪಕ್ಕದಲ್ಲಿ ನಿಂತವಳು ಕೇಳಿದಳು, ಯಾರನ್ನ ಹುಡುಕ್ತಿದ್ದೀಯ, ತಂಗೀನ, ಎಂದಳು, ಆ ಸುಳ್ಳು ಅಲ್ಲಿಂದ ಶುರುವಾಯಿತು. ಕನ್ನಡಿಯಲ್ಲಿ ಮುದುಕಿಯಾಗುತ್ತಿರುವುದು ಅಕ್ಕ. ಡಾಕ್ಟರು ಹೇಳುತ್ತಾರೆ, ನಲವತ್ತೇಳಕ್ಕೆ ನಿಮ್ಮ ಮೂಳೆ ಬಹಳ ಗಟ್ಟಿ ಮಿಸೆಸ್ ವೈಸ್‌ಮನ್, ಅವಳು ನಗುತ್ತಾಳೆ, ನಲವತ್ಮೂರು ಎನ್ನುವುದಿಲ್ಲ, ನಾಲ್ಕು ವರ್ಷ ಯಾರದೋ, ತಾನು ಬದುಕದ ನಾಲ್ಕು ವರ್ಷ ತನ್ನೊಳಗೆ ಕೂತು ಕಾಯುತ್ತಿವೆ. ಮತ್ತು ನಿನ್ನೆ, ಫೋನು ಇಟ್ಟ ಮೇಲೆ, ಬ್ರೆಡ್ ತರಲು ಹೋದಾಗ, ಹಾಡುಹಗಲಲ್ಲಿ, ಬೇಕರಿಯ ಬಾಗಿಲಲ್ಲಿ ಬೆನ್ನ ಹಿಂದೆ ಒಂದು ಹೆಣ್ಣುದನಿ, ಗಿಟೆಲ್, ಜೋರಾಗಿ ಅಲ್ಲ, ಊಟಕ್ಕೆ ಬಾ ಎನ್ನುವ ಹಾಗೆ, ತಿರುಗಿದರೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಮೆರಿಕದಲ್ಲಿ ಅದು ತನ್ನ ಹೆಸರೆಂದು ಯಾರಿಗೂ ಗೊತ್ತಿಲ್ಲ. ಅಕ್ಕನ ಮುಖ ಗೋಡೆಯ ಕಡೆ ಇತ್ತೇ, ಬಾಗಿಲ ಕಡೆ ಇತ್ತೇ, ನಿದ್ದೆಯಂತೂ ಹೌದು, ಕಣ್ಣು ಮುಚ್ಚಿತ್ತು, ರಜಾಯಿ ಉಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು. ಹಾರ್ನು, ಹಾರ್ನು, ಕಾರು ಹೊರಟಿತು.

ಏಳೂ ಇಪ್ಪತ್ತೈದು. ಸಿನಗಾಗ್‌ನ ಮೆಟ್ಟಿಲ ಮೇಲೆ ಉಪ್ಪು ಎರಚಿದ್ದಾರೆ, ಬೂಟಿನಡಿ ಕರಕರ, ಆಂಟಿ ನಿಧಾನ ಜಾರೀತು, ಅನಸೂಯ ತೋಳು ಹಿಡಿದಿದ್ದಾಳೆ, ಮುಗಿದುಹೋಗಿದೆ, ಹೆಸರು ಕೂಗಿ ಆಗಿದೆ, ಇಷ್ಟು ಹೊತ್ತಿಗೆ ಆಗಿದೆ — ಒಳಗೆ ಯಾರೂ ಓದುತ್ತಿಲ್ಲ. ಗಂಡಸರು ಕಾಲು ಬದಲಿಸುತ್ತ ನಿಂತಿದ್ದಾರೆ, ಪ್ರಾರ್ಥನೆಗೆ ಹತ್ತು ಗಂಡಸರು ಬೇಕೇ ಬೇಕು, ಒಂಬತ್ತೇ ಬಂದಿದ್ದಾರೆ, ಚಳಿಗೆ. ಇಲ್ಲಿಯ ಎಲ್ಲ ಪಾರುಪತ್ಯ ನೋಡಿಕೊಳ್ಳುವ ಮುದುಕ ಝೆಲಿಗ್ ಬೆರಳು ಮಾಡುತ್ತ ತಲೆ ಎಣಿಸುತ್ತಾನೆ, ಒಂದಲ್ಲ, ಎರಡಲ್ಲ, ಮೂರಲ್ಲ, ಮನುಷ್ಯರನ್ನು ನೇರವಾಗಿ ಎಣಿಸಬಾರದು, ಕೆಟ್ಟ ಕಿವಿಗಳು ಲೆಕ್ಕ ಕೇಳಿಸಿಕೊಳ್ಳುತ್ತವೆ, ಒಂಬತ್ತಲ್ಲ ಎಂದು ನಿಂತು ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ ಪ್ರಭಾಕರನನ್ನು ಆಸ್ತಿ ಸಿಕ್ಕಂತೆ ನೋಡಿದ, ಬಾ ಬಾ ತಮ್ಮಾ, ನೀನು ಯೆಹೂದಿ ತಾನೆ, ನಾನು ಮೈಸೂರಿನವನು ಸರ್, ಎಂದ ಪ್ರಭಾಕರ ಕುತ್ತಿಗೆ ಕೆರೆದುಕೊಳ್ಳುತ್ತ. ಎಲ್ಲರೂ ನಕ್ಕರು, ಅವಳಿಗೆ ನಗು ಬರಲಿಲ್ಲ, ರೋಶೆಲ್ ಎಲ್ಲಿ, ಎರಡನೆಯ ಸಾಲಿನಲ್ಲಿ ಬಿಳಿ ಶಾಲಿನ ಗಂಟನ್ನು ಮಡಿಲಲ್ಲಿಟ್ಟು ಕೂತಿದ್ದಾಳೆ, ಬಾಣಂತಿಯ ಊದಿದ ಮುಖ, ಮಾಮಾ, ಬಂದ್ಯಾ, ನೋಡು ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದಾಳೆ, ಅಷ್ಟರಲ್ಲಿ ಹಿಂದಿನಿಂದ ಹತ್ತನೆಯವನು ಬಂದ, ಬೂಟು ಝಾಡಿಸುತ್ತ, ಕ್ಷಮಿಸಿ ಕಾರು ಸ್ಟಾರ್ಟ್ ಆಗ್ಲಿಲ್ಲ, ಟೋರಾದ ಕಪಾಟಿನ ಪರದೆ ಸರಿಯಿತು, ಸುರುಳಿ ಹೊರಬಂತು. ರೋಶೆಲ್, ಆ ಹೆಸರು ಬೇಡ. ಏನ್ ಮಾಮಾ. ಗಿಟೆಲ್ ಬೇಡ, ಈಗ್ಲೇ ಹೋಗಿ ನೇಥನ್‌ಗೆ ಹೇಳು. ಮಾಮಾ, ಯಾಕ್ ಹೀಗಾಡ್ತಿದ್ದೀಯ, ನಿನ್ನ ತಂಗಿ — ನನಗೆ ತಂಗಿ ಇರ್ಲಿಲ್ಲ, ಅಕ್ಕ ಇದ್ಲು, ಸತ್ತಿದ್ದು ಅಕ್ಕ, ಅವಳ ಹೆಸರು ಪೆರ್ಲಾ. ಪೆರ್ಲಾ ನೀನು, ಎಂದಳು ರೋಶೆಲ್, ಹುಚ್ಚು ಹಿಡಿದವರ ಜೊತೆ ಮಾತಾಡುವ ಮೆಲ್ಲನೆಯ ದನಿಯಲ್ಲಿ. ಅವಳ ಚೀಟಿ ತಗೊಂಡು ಕೆಲಸಕ್ಕೆ ಹೋದೆ, ಅವಳು ನನ್ನ ಹೆಸರಿಗೆ ನಾನೇ ಅಂದ್ಲು, ಅವಳನ್ನ ಒಯ್ದ್ರು, ಇಷ್ಟೇ, ಇಷ್ಟೇ ಕಥೆ, ಮೂವತ್ತು ವರ್ಷ ಗಂಟಲಲ್ಲಿ ಇದ್ದದ್ದು ಇಷ್ಟೇ ಚಿಕ್ಕದಾಗಿ ಹೊರಬಂತು, ಗಿಟೆಲ್ ನಾನು ರೋಶೆಲ್, ನಾನಿನ್ನೂ ಬದುಕಿದ್ದೀನಿ. ಮಗಳು ಅವಳನ್ನು ನೋಡಿದಳು, ಬಸ್ಸಿನಲ್ಲಿ ಎದುರು ಕೂತ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ, ಕಣ್ಣು, ಮೂಗು, ಬಾಯಿ ಬೇರೆಬೇರೆಯಾಗಿ. ಹಾಗಾದ್ರೆ ನಿನಗೆ ಎಷ್ಟು ವಯಸ್ಸು. ನಲವತ್ಮೂರು. ಡ್ಯಾಡಿಗೆ ಗೊತ್ತಿತ್ತಾ. ಇಲ್ಲ. ನೇಥನ್‌ನ ಹೆಸರು ಕೂಗಿದರು, ಅವನು ಬಿಳಿ ಶಾಲು ಹೊದ್ದು ವೇದಿಕೆ ಹತ್ತಿ ನಿಂತ, ಓದು ಶುರುವಾಯಿತು, ರೋಶೆಲ್ ಮಗುವನ್ನು ಎದೆಗೆ ಒತ್ತಿಕೊಂಡಳು, ತಾಯಿಯಿಂದ ಸ್ವಲ್ಪ ಆಚೆಗೆ, ಅಷ್ಟೇ ಸ್ವಲ್ಪ, ಆದರೆ ಆಚೆಗೆ. ಆಮೇಲೆ ತಟ್ಟನೆ ಎದ್ದು ಮಗುವನ್ನು ಹಿಂದಿನ ಸಾಲಿನ ಅನಸೂಯಳ ತೋಳಿಗೆ ಕೊಟ್ಟು ನಡುದಾರಿಯಲ್ಲಿ ನಡೆದುಹೋದಳು.

ನೇಥನ್ ಬಗ್ಗಿದ, ರೋಶೆಲ್ ಅವನ ಕಿವಿಯಲ್ಲಿ ಹೇಳಿದಳು, ಅವನು ಅತ್ತೆಯ ಕಡೆ ಒಮ್ಮೆ ನೋಡಿ ಝೆಲಿಗ್‌ನ ಕಿವಿಯಲ್ಲಿ ಹೇಳಿದ, ಝೆಲಿಗ್ ಹಾಡುವ ಧಾಟಿ ಆಗಲೇ ಹಿಡಿದಾಗಿತ್ತು, ಇಸ್ರೇಲ್ ಕುಲದಲ್ಲಿ ಇವಳ ಹೆಸರು — ಎಂದು ಎಳೆದವನು ಅಲ್ಲೇ ನಿಂತ, ಕನ್ನಡಕವನ್ನು ಹಣೆಗೇರಿಸಿದ, ಪೆರ್ಲಾ? ಎಂದ, ಎಲ್ಲರಿಗೂ ಕೇಳುವ ಹಾಗೆ, ಅದಾಗೋದಿಲ್ಲ ಮಕ್ಕಳೇ, ಅಜ್ಜಿ ಇಲ್ಲೇ ಕೂತಿದಾಳೆ, ನಿಮ್ಮ ಮದುವೆ ಪತ್ರದಲ್ಲಿ ಅವಳ ಹೆಸರು ಬರೆದವನು ನಾನೇ, ಬದುಕಿರೋಳ ಹೆಸರು ಇಡ್ತಾರಾ, ಯಾವ ಊರಿನ ಶಾಸ್ತ್ರ ಇದು. ಹತ್ತು ಗಂಡಸರೂ ತಿರುಗಿದರು. ಅನಸೂಯಳ ಎರಡೂ ತೋಳಿನಲ್ಲಿ ಒಂದೊಂದು ಮಗು, ಆ ಪುಟ್ಟಿಯೂ ಮೊದಲ ಸಲ ಖಾಲಿ ಜಾಗ ಬಿಟ್ಟು ಅವಳನ್ನೇ ನೋಡುತ್ತಿದೆ. ಈಗ ಕೂತೇ ಇರಬಹುದು, ತಪ್ಪಾಯಿತು ಎಂದು ನಕ್ಕುಬಿಡಬಹುದು, ಇನ್ನಾವುದೋ ಅಜ್ಜಿಯ ಹೆಸರು ಹೇಳಬಹುದು, ಮಗು ಉಳಿಯುತ್ತದೆ, ತಾನೂ ಪೆರ್ಲಾ ಆಗಿಯೇ ಉಳಿಯಬಹುದು, ಅಕ್ಕ ಮಾತ್ರ ಎಲ್ಲೂ ಇರುವುದಿಲ್ಲ, ಯಾವ ಬಾಯಲ್ಲೂ — ಎದ್ದಳು, ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು, ಅದು ನನ್ನ ಹೆಸರಲ್ಲ, ಎಂದಳು. ಮದುವೆ ಪತ್ರದಲ್ಲಿ ತಪ್ಪು ಬರೆಸಿದೀನಿ, ಅದು ನನ್ನಕ್ಕನ ಹೆಸರು, ಅವಳು ತೀರ್ಕೊಂಡು ಮೂವತ್ತು ವರ್ಷ ಆಯ್ತು, ಇಡಿ. ಝೆಲಿಗ್ ಅವಳನ್ನು ನೋಡಿದ, ಅವನೂ ಆ ಕಡೆಯಿಂದಲೇ ಬಂದವನು, ಕ್ಯಾಂಪಿನಲ್ಲಿ ಹಚ್ಚೆ ಹಾಕಿದ ನಂಬರು ಕಾಣದಿರಲೆಂದು ಅಂಗಿಯ ತೋಳು ಯಾವತ್ತೂ ಮಡಿಸುವವನಲ್ಲ, ಕನ್ನಡಕ ಇಳಿಸಿ ಬಿಟ್ಟಲ್ಲಿಂದ ಹಿಡಿದ, ಇಸ್ರೇಲ್ ಕುಲದಲ್ಲಿ ಇವಳ ಹೆಸರು ಪೆರ್ಲಾ ಎಂದು ಕರೆಯಲ್ಪಡಲಿ. ಆಮೆನ್ ಎಂದರು ಗಂಡಸರು. ಅಷ್ಟು ದೊಡ್ಡ ದನಿಯಲ್ಲಿ ಅಕ್ಕನ ಹೆಸರನ್ನು ಅಕ್ಕನದೆಂದು ಯಾರೂ ಕೂಗಿರಲಿಲ್ಲ, ಅವಳಿಗೆ ಅಳು ಬಂತು, ಒಳ್ಳೆಯ ಅಳು, ಅನಸೂಯ ಏನೂ ಅರ್ಥವಾಗದೆಯೇ ತಾನೂ ಅಳುತ್ತಿದ್ದಳು.

ಮುಗಿಯಿತು ಎಂದುಕೊಂಡಳು, ಆಯಿತು, ಇನ್ನು ಯಾರೂ ಬರುವುದಿಲ್ಲ, ಬ್ರೆಡ್ಡು, ಮೀನು, ಕೊಬ್ಬರಿ ಮಿಠಾಯಿ ಎಂದು ಗಂಡಸರು ಪಕ್ಕದ ಕೋಣೆಗೆ ಸರಿಯುತ್ತಿದ್ದಾರೆ, ಇದ್ರಲ್ಲಿ ಮೊಟ್ಟೆ ಗಿಟ್ಟೆ ಏನಿಲ್ಲ, ಬರೀ ಕೊಬ್ಬರಿ ಸಕ್ಕರೆ, ಎಂದು ಅನಸೂಯ ಯಾರಿಗೋ ಒತ್ತಾಯ ಮಾಡುತ್ತಿದ್ದಾಳೆ, ರೋಶೆಲ್ ವಾಪಸು ಬಂದು ಪಕ್ಕದಲ್ಲಿ ಕೂತಳು, ಹತ್ತಿರವೇ, ಎಡಗಡೆ, ಮಗುವನ್ನು ತಾಯಿಯ ಮಡಿಲಲ್ಲಿ ಇಟ್ಟಳು, ತಗೋ, ನಿನ್ನ ಅಕ್ಕನ್ನ, ಎಂದಳು, ನಗಲು ನೋಡಿದಳು, ಆಗಲಿಲ್ಲ, ಶಾಲಿನ ಅಂಚನ್ನು ಸರಿಮಾಡುತ್ತ ತಲೆಯೆತ್ತದೆ ಕೇಳಿದಳು, ಗೊತ್ತಿತ್ತಾ ಅವಳಿಗೆ, ಮಾಮಾ, ನೀನು ಹೊರಟಾಗ? ನಿದ್ದೆ ಮಾಡ್ತಿದ್ಲು, ಎನ್ನಬೇಕು, ಮೂವತ್ತು ವರ್ಷ ಸಿದ್ಧಮಾಡಿಟ್ಟ ಉತ್ತರ, ಗೋಡೆಯ ಕಡೆ ಮುಖ ಮಾಡಿ, ರಜಾಯಿಯನ್ನು ಕಿವಿಯ ತನಕ, ಬಾಯಿ ತೆರೆದಳು, ಬಂದದ್ದು ಆ ಕೋಣೆ, ಅಮ್ಮ ಬಾಗಿಲಲ್ಲಿ ಬೆನ್ನು ತಿರುಗಿಸಿ ಬೀದಿ ನೋಡುತ್ತಿದ್ದಾಳೆ, ಕೋಟು ಅಮ್ಮ ತೊಡಿಸಲಿಲ್ಲ, ತಾನೇ ತೊಟ್ಟಳು, ಅವಸರದಲ್ಲಿ ಗುಂಡಿಗಳನ್ನು ಒಂದರ ಕಾಜಕ್ಕೆ ಇನ್ನೊಂದನ್ನು ಹಾಕಿಕೊಂಡು ನಿಂತಿದ್ದಾಳೆ, ಹಾಸಿಗೆಯಿಂದ ಒಂದು ಕೈ ಬಂತು, ಬಾ ಇಲ್ಲಿ, ಎಂದಳು ಅಕ್ಕ, ಹೀಗೆ ಹೋದ್ರೆ ಗೇಟಲ್ಲೇ ಹಿಡೀತಾರೆ, ಮಗುವಿನ ಹಾಗೆ ಕಾಣ್ತೀಯ, ಮೊಣಕೈಯೂರಿ ಅರ್ಧ ಎದ್ದು ಎಲ್ಲವನ್ನೂ ಬಿಚ್ಚಿ ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದಳು, ಕಣ್ಣು ಪೂರ್ತಿ ತೆರೆದಿತ್ತು, ನೋಡುತ್ತಿದ್ದದ್ದು ಗುಂಡಿಗಳನ್ನಲ್ಲ, ಇವಳ ಮುಖವನ್ನು, ಇವಳಿಗೂ ಗೊತ್ತಿತ್ತು, ಬೇಡ ಅಕ್ಕಾ ಎನ್ನಲು ಎಷ್ಟು ಹೊತ್ತು ಬೇಕು, ಎನ್ನಲಿಲ್ಲ, ನಿಂತಿದ್ದಳು, ಹಾಕಿಸಿಕೊಂಡಳು, ಜ್ವರದ ಬೆರಳು, ಕೆಳಗಿನ ಗುಂಡಿ, ಅದರ ಮೇಲಿನದು, ಅದರ ಮೇಲಿನದು, ಕೊನೆಯದು ಗಂಟಲ ಹತ್ತಿರದ್ದು, ಗಂಟಲಿಗೆ ತಾಗುವ ಆ ಬಿಸಿ ಬೆರಳು ಅದನ್ನು ಹಾಕಿ ಮುಗಿಸುವುದೇ ಇಲ್ಲ